ಮೀಸೆ ಬಂದ ಹಕ್ಕಿ

ಆರ್ಲೀನ್ ಸ್ಟಿಡಮ್‌ಳನ್ನು ನನ್ನ ಅಂಗಡಿಯ ಬೀಜದ ತಕ್ಕಡಿಯ ಮೇಲೆ ನಿಲ್ಲಿಸಿದರೆ ನೂರಾ ಎಂಟು ಪೌಂಡು ತೂಗಿಯಾಳು. ಅದರಲ್ಲಿ ಎಂಟು ಪೌಂಡು ಬರೀ ಬೂಟಿನದು. ವಯಸ್ಸು ಅರವತ್ತೊಂಬತ್ತು. ಹಳೆಯ ಬೀಜದ ಚೀಲದಂತೆ ಬಣ್ಣ ಮಾಸಿದೆ, ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳಾದ್ದರಿಂದ ಬೆನ್ನ ಹಿಂದೆ ನಡೆಯುವುದೂ ಅವಳಿಗೆ ಕಾಣುತ್ತದೆ. ಗಿರಾಕಿಯಾಗಿ ಅವಳಿಂದ ದೊಡ್ಡ ಲಾಭವಿಲ್ಲ. ಚೌಕಾಸಿ ಮಾಡುವುದಿಲ್ಲ, ಆದರೆ ತಕ್ಕಡಿಯ ಮುಳ್ಳು ನಿಲ್ಲುವ ತನಕ ರೆಪ್ಪೆ ಮಿಟುಕಿಸುವುದಿಲ್ಲ. ಹಕ್ಕಿಗಳಿಗೆಂದು ಶೀಷೆಯಲ್ಲಿ ಬರುವ ಕೆಂಪು ಮಕರಂದವನ್ನು ಅವಳಿಗೆ ಮಾರಲು ಇಪ್ಪತ್ತು ವರ್ಷ ಹೆಣಗಿ ಕೈಬಿಟ್ಟೆ. "ಬಣ್ಣದ ನೀರು ನೀನೇ ಕುಡಿ ಮರ್ಲ್, ನಿನ್ನ ಮುಖಕ್ಕೂ ಸ್ವಲ್ಪ ಕಳೆ ಬರುತ್ತೆ" ಎಂದು ಸಕ್ಕರೆಯ ಚೀಲ ಹೊತ್ತು ನಡೆಯುತ್ತಾಳೆ. ಒಂದು ಬಟ್ಟಲು ಸಕ್ಕರೆಗೆ ನಾಲ್ಕು ಬಟ್ಟಲು ನೀರು. ಅವಳ ಹಕ್ಕಿಗಳಿಗೆ ಅಷ್ಟೇ.

ನಮ್ಮ ಲಾರೆಲ್ ಗ್ಯಾಪಿನಲ್ಲಿ ಚಳಿಗಾಲ ಮುಗಿಯಿತೆಂದು ತೀರ್ಮಾನಿಸುವುದು ಪಂಚಾಂಗವಲ್ಲ, ನನ್ನ ಅಂಗಡಿಯ ಗೋಡೆಯ ಕಪ್ಪು ಹಲಗೆ. ದಕ್ಷಿಣದಿಂದ ಕಡಲು ದಾಟಿ ಬರುವ ಮೊದಲ ಹಮ್ಮಿಂಗ್‌ಬರ್ಡನ್ನು, ಆ ಹೆಬ್ಬೆರಳು ಗಾತ್ರದ ಝೇಂಕಾರದ ಹಕ್ಕಿಯನ್ನು, ಯಾರ ಹಿತ್ತಲಲ್ಲಿ ಯಾವ ದಿನ ಕಂಡರೆಂದು ಅದರ ಮೇಲೆ ಬರೆಯುತ್ತೇವೆ. ವರ್ಷಕ್ಕೊಂದು ಸಾಲು. ನನ್ನ ಅಪ್ಪನ ಕಾಲದಿಂದ ಇರುವ ಸಾಲುಗಳು ಅಲ್ಲಿವೆ. ನೀಲಿಹಕ್ಕಿ ಗೂಡು ಕಟ್ಟಿದ್ದು, ಕೆಂಪು ಕಾರ್ಡಿನಲ್ ಕಿಟಕಿಯ ಗಾಜಿನಲ್ಲಿ ತನ್ನನ್ನೇ ಕಂಡು ಕುಕ್ಕಿದ್ದು, ಇವೆಲ್ಲ ಬರೀ ಹರಟೆ. ಹಲಗೆಗೆ ಏರುವುದು ಝೇಂಕಾರದ ಹಕ್ಕಿ ಮಾತ್ರ. ಈ ಊರಲ್ಲಿ ಸತ್ತವರ ಹೆಸರು ಸಮಾಧಿಯ ಕಲ್ಲಿನ ಮೇಲೆ ಹುಡುಕುವುದಕ್ಕಿಂತ ನನ್ನ ಹಲಗೆಯಲ್ಲಿ ಹುಡುಕುವುದು ಸುಲಭ.

ಹನ್ನೊಂದು ವರ್ಷಗಳ ಹಿಂದೆ, ಮಾರ್ಚ್ ಇಪ್ಪತ್ತೇಳರ ಶನಿವಾರ, ಆರ್ಲೀನ್ ಬೆಳಿಗ್ಗೆ ಒಂಬತ್ತಕ್ಕೇ ಬಂದು ಸುಣ್ಣದ ಕಡ್ಡಿ ಎತ್ತಿಕೊಂಡು ತನ್ನ ಹೆಸರು, ತಾರೀಕು ಬರೆದಳು. ಊರಿನ ಇತಿಹಾಸದಲ್ಲಿ ಅಷ್ಟು ಬೇಗ ಯಾರೂ ಕಂಡಿರಲಿಲ್ಲ. ಕಾಫಿ ಒಲೆಯ ಸುತ್ತ ಒಂಬತ್ತು ಜನ ಇದ್ದರು. ಅವರಲ್ಲಿ ವೆಂಡೆಲ್ ಪ್ರೂಯಿಟ್ ಒಬ್ಬ. ಆರ್ಲೀನಳ ಬೇಲಿಯಾಚೆಯ ಮನೆಯವನು, ಪಕ್ಷಿ ಸಂಘದ ಅಧ್ಯಕ್ಷ, ಮೊಣಕೈಯಷ್ಟು ಉದ್ದದ ಕ್ಯಾಮೆರಾ ಇಟ್ಟವನು.

"ಎಲ್ಲಿ ಕಂಡೆಯಮ್ಮ?" ಎಂದ.

"ನಮ್ಮ ಜಗಲಿ ಮೇಲೆ. ಏಳೂವರೆಗೆ. ಗಂಡು, ಕೊರಳು ಕೆಂಪು."

"ಒಬ್ಬಳೇ ಇದ್ಯಾ?"

"ಇನ್ನೇನು, ಹಕ್ಕಿ ನೋಡೋಕೆ ಪಾದ್ರಿ ಕರ್ಕೊಂಡು ಬರ್ಬೇಕಿತ್ತಾ?"

ಎಲ್ಲರೂ ನಕ್ಕರು. ವೆಂಡೆಲ್‌ಗೆ ಆ ನಗು ಇಷ್ಟವಾಗಲಿಲ್ಲ. ನನ್ನ ಕೌಂಟರಿನ ಮೇಲಿದ್ದ ಒದ್ದೆ ಬಟ್ಟೆ ತೆಗೆದುಕೊಂಡು ನಿಧಾನವಾಗಿ ಎದ್ದ. "ತಂಗಿ, ನೀನು ಕಂಡಿದ್ದು ಪತಂಗ. ಹೂವಿನ ಮುಂದೆ ಹಾಗೇ ಗುಂಯ್ ಅಂತ ನಿಲ್ಲುತ್ತೆ. ಹೊಸಬರೆಲ್ಲ ಮೋಸ ಹೋಗ್ತಾರೆ, ಬೇಜಾರು ಮಾಡ್ಕೋಬೇಡ" ಎಂದು ಅವಳ ಸಾಲನ್ನು ಒರೆಸಿದ. ಇನ್ನು ಮೇಲೆ ಇಬ್ಬರು ಸಾಕ್ಷಿ ಇರಬೇಕು, ಇಲ್ಲವೇ ಫೋಟೋ ಇರಬೇಕು ಎಂದು ಅಲ್ಲೇ ನಿಯಮವನ್ನೂ ಹೊರಡಿಸಿದ. ಒಂಟಿ ಹೆಂಗಸಿಗೆ, ಅದೂ ಕ್ಯಾಮೆರಾ ಇಲ್ಲದವಳಿಗೆ, ಹಲಗೆಯ ಬಾಗಿಲು ಅವತ್ತೇ ಮುಚ್ಚಿತು. ಏಪ್ರಿಲ್ ಒಂಬತ್ತಕ್ಕೆ ವೆಂಡೆಲನೇ ಫೋಟೋ ತಂದು ಆ ಸಾಲಿನಲ್ಲಿ ತನ್ನ ಹೆಸರು ತುಂಬಿದ. ಊರವರು ಆರ್ಲೀನಳನ್ನು 'ಪತಂಗದಮ್ಮ' ಎಂದು ಕರೆಯತೊಡಗಿದರು. ಅವಳು ಬಸ್ಸಿನಲ್ಲಿ ಕೂರಿಸಿ ಶಾಲೆಗೆ ಮುಟ್ಟಿಸಿದ್ದ ಮಕ್ಕಳೇ ದೊಡ್ಡವರಾಗಿ ಹಾಗೆ ಕರೆದರು.

ಇಲ್ಲಿ ನನ್ನ ಸಂಗತಿಯನ್ನೂ ಹೇಳಿಬಿಡಬೇಕು. ಅದೇ ಬೆಳಿಗ್ಗೆ ಎಂಟಕ್ಕೆ, ಅಂಗಡಿಯ ಮುಂದೆ ಮಾರಾಟಕ್ಕೆ ತೂಗುಹಾಕಿದ್ದ, ಹಕ್ಕಿಗೆ ಸಕ್ಕರೆ ನೀರು ಇಡುವ ಕೆಂಪು ಬಟ್ಟಲುಗಳ ಹತ್ತಿರ ಆ ಹಕ್ಕಿ ಬಂದಿತ್ತು. ಗಂಡು, ಕೊರಳು ಕೆಂಪು. ಮೂರು ಬಟ್ಟಲುಗಳನ್ನು ಕುಕ್ಕಿ ನೋಡಿ, ಮೂರೂ ಖಾಲಿಯೆಂದು ತಿಳಿದು, ನನ್ನನ್ನು ಬೈದಂತೆ ಚಿಕ್ ಎಂದು ಹಾರಿಹೋಯಿತು. ಆದರೆ ಸಂಘಕ್ಕೆ ಬೇಕಾದ ಸೂರ್ಯಕಾಂತಿ ಬೀಜವನ್ನೆಲ್ಲ ನನ್ನಲ್ಲಿ ಕೊಳ್ಳುವವನು ವೆಂಡೆಲ್. ಅವನ ಕೈಯಲ್ಲಿದ್ದುದು ನನ್ನದೇ ಒದ್ದೆ ಬಟ್ಟೆ. ನಾನು ತಕ್ಕಡಿಯ ತಟ್ಟೆ ಒರೆಸುತ್ತ ನಿಂತೆ.

ಆರ್ಲೀನಳಿಗೆ ಬೇಕಾಗಿದ್ದುದು ಎರಡು: ಆ ಸಾಲು ಹಲಗೆಗೆ ಮರಳಬೇಕು, ಅದನ್ನು ಒರೆಸಿದವನು ಅದೇ ಒಲೆಯ ಮುಂದೆ, ಅದೇ ಜನರ ನಡುವೆ ತಲೆ ತಗ್ಗಿಸಬೇಕು. ಅವಳು ಅತ್ತು ಕರೆದು ಮಾಡಲಿಲ್ಲ. ಅವಳ ಜಗಲಿಯಲ್ಲಿ ಪ್ರತಿ ಬೇಸಿಗೆ ಒಂದು ಗಂಡು ಹಕ್ಕಿ ತಂತಿಯ ಮೇಲೆ ಕೂತು, ತನ್ನ ಬಟ್ಟಲಿಗೆ ಬಾಯಿ ಹಾಕಿದ ಹಕ್ಕಿಯನ್ನೆಲ್ಲ ಇರಿದು ಓಡಿಸುತ್ತದೆ. ತಾನು ಕುಡಿಯುವುದನ್ನೂ ಮರೆತು ಕಾವಲು ಕಾಯುತ್ತದೆ. ಅವಳು ಅದನ್ನು ನೋಡುತ್ತ ವರ್ಷಗಟ್ಟಲೆ ಕೂತಿದ್ದಳು.

ಆಮೇಲೆ ಕೊಳ್ಳಲು ಶುರುಮಾಡಿದಳು. ಮೊದಲು ನಾಲ್ಕು ಕೆಂಪು ಹನಿಸಕಲ್ ಬಳ್ಳಿ, ವೆಂಡೆಲನ ಬೇಲಿಯ ಪಕ್ಕಕ್ಕೆ. ಮುಂದಿನ ವರ್ಷ ಸೋರುವ ಮೀನಿನ ತೊಟ್ಟಿಯೊಂದು, ಎರಡು ಗಜ ಸೊಳ್ಳೆ ಬಲೆ.

"ಮೀನು ಸಾಕ್ತೀಯಾ?" ಎಂದೆ. "ಸೋರುತ್ತೆ ಅದು."

"ನೀರು ಹಾಕಿದ್ರೆ ತಾನೆ ಸೋರೋದು?"

ವ್ಯಾಪಾರಿಯಾದವನು ಗಿರಾಕಿಯ ಬುಟ್ಟಿ ನೋಡಿ ಮನೆಯ ಹಾಲತ್ತು ಹೇಳಬೇಕು. ನನಗೆ ತಿಳಿಯಲಿಲ್ಲ. ಹನಿಸಕಲ್ ಎಲೆ ತಿಂದು ಬೆಳೆಯುವ ಹಸಿರು ಹುಳುಗಳನ್ನು ಅವಳು ಆ ತೊಟ್ಟಿಯಲ್ಲಿ ಸಾಕುತ್ತಿದ್ದಳು. ಅವು ಗೂಡು ಕಟ್ಟಿದ ಮೇಲೆ ಒದ್ದೆ ಎಲೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಖಾನೆಯಲ್ಲಿ, ಟರ್ನಿಪ್ ಸೊಪ್ಪಿನ ಹಿಂದೆ, ಚಳಿಗಾಲ ಕಳೆಯಲು ಬಿಡುತ್ತಿದ್ದಳು. ಮಾರ್ಚ್ ಬಂದಾಗ ಒಲೆಯ ಬದಿಗಿಟ್ಟರೆ ಊರಿಗಿಂತ ಮೂರು ವಾರ ಮೊದಲೇ ಅವಳ ಅಡುಗೆಮನೆಯಲ್ಲಿ ವಸಂತ. ಮೊದಲ ವರ್ಷ ಬೂಷ್ಟು ಹಿಡಿಯಿತು. ಎರಡನೆಯ ವರ್ಷ ಪತಂಗಗಳು ಹೊರಬಂದದ್ದು ತಡವಾಗಿ, ನಿಜವಾದ ಹಕ್ಕಿಗಳು ಆಗಲೇ ಬಂದಿದ್ದವು. ಈ ವರ್ಷ ಲೆಕ್ಕ ಕೂಡಿತು. ಗಾಜಿನಂಥ ರೆಕ್ಕೆಯ, ದೂರದಿಂದ ಝೇಂಕಾರದ ಹಕ್ಕಿಯಂತೆಯೇ ಕಾಣುವ ಐದು ಪತಂಗ.

ಮಾರ್ಚ್ ಇಪ್ಪತ್ತಾರರ ಬಿಸಿಲಿನ ಮಧ್ಯಾಹ್ನ, ವೆಂಡೆಲ್ ಊಟ ಮುಗಿಸಿ ಜಗಲಿಯಲ್ಲಿ ಕೂತದ್ದನ್ನು ನೋಡಿಕೊಂಡು, ಬೇಲಿಗೆ ಒರಗಿದ ಅವನ ಕೆಂಪು ಹೂ ಬಿಟ್ಟ ಕ್ವಿನ್ಸ್ ಗಿಡದ ಬುಡದಲ್ಲಿ ಪತಂಗಗಳ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದು ಒಳಗೆ ಹೋಗಿ ಬೀನ್ಸ್ ಬೇಯಿಸಿದಳು.

ವೆಂಡೆಲನ ಕಣ್ಣು ಮೊದಲಿನಂತಿಲ್ಲ. ಕನ್ನಡಕ ಜೇಬಿನಲ್ಲಿರುತ್ತದೆ, ಮುಖಕ್ಕೆ ಏರುವುದಿಲ್ಲ. ಒಂದು ಗಂಟೆಯೊಳಗೆ ಫೋಟೋ ಹಿಡಿದು ನನ್ನ ಅಂಗಡಿಗೆ ಬಂದ. "ಬರಿ ಮರ್ಲ್, ಮಾರ್ಚ್ ಇಪ್ಪತ್ತಾರು. ಊರಿಗೇ ದಾಖಲೆ." ನಾನು ಬರೆದೆ. ಅವನು ಆ ಫೋಟೋವನ್ನು ಟ್ರೇಯಷ್ಟು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅಡಿಯಲ್ಲಿ ಹಕ್ಕಿಯ ಹೆಸರು, ತನ್ನ ಹೆಸರು ಅಚ್ಚು ಹಾಕಿಸಿ ಹಲಗೆಯ ಪಕ್ಕದಲ್ಲಿ ತಾನೇ ಮೊಳೆ ಹೊಡೆದು ತೂಗುಹಾಕಿದ. ಅಡಿಯಲ್ಲಿ ಹೆಸರು ಬರೆದಿದ್ದರೆ ಜನ ಚಿತ್ರ ನೋಡುವುದಿಲ್ಲ. ಇದು ನನಗೆ ಬೀಜದ ಪೊಟ್ಟಣ ಮಾರಿ ಗೊತ್ತು. ಚರ್ಚಿನ ಊಟದಲ್ಲಿ ಅವನು ಆ ಕಥೆಯನ್ನು ಎರಡು ಸಲ ಹೇಳಿದ. ಆರ್ಲೀನ್ ಎರಡು ಸಲವೂ ಕೇಳಿ, ಅವನ ತಟ್ಟೆಗೆ ಇನ್ನೊಂದು ತುಂಡು ಕಡುಬು ಬಡಿಸಿದಳು.

ಮೂರು ವಾರ ಕಾದಳು. ಊರಿನಲ್ಲಿ ಆ ಚಿತ್ರ ನೋಡದವರು ಯಾರೂ ಉಳಿದಿಲ್ಲವೆಂದಾದ ಮೇಲೆ, ಶನಿವಾರ ಒಂಬತ್ತಕ್ಕೆ, ಒಲೆಯ ಸುತ್ತ ಕುರ್ಚಿಗಳೆಲ್ಲ ತುಂಬಿದ್ದಾಗ ಬಂದಳು. ಚಿತ್ರದ ಮುಂದೆ ನಿಂತಳು.

"ಚೆನ್ನಾಗಿದೆ ವೆಂಡೆಲ್. ಎಷ್ಟು ಹತ್ತಿರದಿಂದ ತೆಗ್ದಿದ್ದೀಯ."

"ಕೈ ನಡುಗಬಾರದು ತಂಗಿ, ಅಷ್ಟೇ ಗುಟ್ಟು."

"ಒಂದು ಕೇಳ್ಲಾ? ಹಕ್ಕಿಗೆ ಮೀಸೆ ಯಾವಾಗ ಬಂತು?"

ಎಲ್ಲರೂ ಎದ್ದು ಬಂದರು. ಎರಡು ಮೀಸೆ, ಕೋಲಿನಂತೆ ನೆಟ್ಟಗೆ. ಹೊಟ್ಟೆಯ ಕೆಳಗೆ ಆರು ಕಾಲು. ಎಣಿಸಿದ್ದು ಬೇಕರಿಯ ಲೂತರ್, ಗಟ್ಟಿಯಾಗಿ, ಒಂದೊಂದಾಗಿ. ವೆಂಡೆಲ್ ಕನ್ನಡಕ ಹಾಕಿಕೊಂಡ. ಆ ಮುಖ ಕಾರ್ಡಿನಲ್ ಗಂಡಿನ ಬಣ್ಣಕ್ಕೆ ತಿರುಗಿದ್ದನ್ನು ನಾನು ಸಂತೋಷದಿಂದಲೇ ನೋಡಿದೆ.

ಆರ್ಲೀನ್ ನಶ್ಯದ ಡಬ್ಬಿ ತೆಗೆದು ಕೌಂಟರಿನ ಮೇಲೆ ಇಟ್ಟಳು. ಒಳಗೆ ಒಣಗಿದ ಖಾಲಿ ಗೂಡು. "ಇದು ಅದರ ಅಂಗಿ. ನಮ್ಮ ಒಲೆ ಪಕ್ಕ ಹುಟ್ಟಿದ್ದು."

"ನೀನು... ನೀನು ಬೇಕೂಂತಲೇ ಬಿಟ್ಯಾ?"

"ಬಿಟ್ಟವಳು ನಾನು. ಹಕ್ಕಿ ಅಂದವನು ನೀನು. ಹೊಸಬರೆಲ್ಲ ಮೋಸ ಹೋಗ್ತಾರೆ, ಬೇಜಾರು ಮಾಡ್ಕೋಬೇಡ." ಕೈ ಚಾಚಿ, "ಮರ್ಲ್, ಬಟ್ಟೆ" ಎಂದಳು. ಒದ್ದೆ ಬಟ್ಟೆ ಕೊಟ್ಟೆ. ಅವನ ಈ ವರ್ಷದ ಸಾಲನ್ನು ಮೂಲೆಯಿಂದ ಮೂಲೆಗೆ, ಬಸ್ಸಿನ ಗಾಜು ಒರೆಸುವಷ್ಟು ಶ್ರದ್ಧೆಯಿಂದ ಒರೆಸಿದಳು. ವೆಂಡೆಲ್ ಟೋಪಿಯನ್ನು ಮರೆತು ಹೋದ. ಅದು ಇನ್ನೂ ಮೊಳೆಯಲ್ಲಿದೆ, ಅವನು ಬಂದಿಲ್ಲ.

ಜನ ನಗುತ್ತಿದ್ದಾಗ ಅವಳು ಕೌಂಟರಿನ ಮೇಲೆ ಬಾಗಿದಳು. ದನಿ ನನಗೆ ಮಾತ್ರ ಕೇಳುವಷ್ಟಿತ್ತು.

"ಅವತ್ತು ನಾನು ಮುಖ ತಗ್ಗಿಸ್ಕೊಂಡು ಹೊರಗೆ ಹೋದೆನಲ್ಲ, ನಿನ್ನ ಬಾಗಿಲಲ್ಲಿ ತೂಗುಬಿಟ್ಟಿದ್ದ ಬಟ್ಟಲಲ್ಲಿ ಒಂದಕ್ಕೆ ಸಕ್ಕರೆ ನೀರು ತುಂಬಿತ್ತು. ಮಾರೋ ಬಟ್ಟಲು. ಬರದ ಹಕ್ಕಿಗೆ ಯಾರಯ್ಯ ನೀರು ತುಂಬ್ತಾರೆ?"

ಹಕ್ಕಿ ಹೋದ ಕೂಡಲೇ, ಮತ್ತೆ ಬಂದರೆ ಇರಲಿ ಎಂದು ನಾನೇ ತುಂಬಿದ್ದೆ. ಹನ್ನೊಂದು ವರ್ಷ ಅದು ಗೊತ್ತಿದ್ದೂ ಅವಳು ನನ್ನಲ್ಲೇ ಸಕ್ಕರೆ ಕೊಂಡಿದ್ದಳು, ಪ್ರತಿ ಸಲ ತಕ್ಕಡಿಯ ಮುಳ್ಳನ್ನೇ ನೋಡುತ್ತ.

ನಾನು ಸುಣ್ಣದ ಕಡ್ಡಿಯನ್ನು ಅವಳ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ.

"ನಾನು ಒಂದ್ಸಲ ಬರೆದಾಗಿದೆ. ಸಾಕ್ಷಿ ಬೇಕು ಅಂತಾರಲ್ಲ, ಅದು ನಿಂದು. ಆ ಪತಂಗದ ಚಿತ್ರ ಅಲ್ಲೇ ಇರ್ಲಿ, ತೆಗೀಬೇಡ. ದಿನಾ ನೋಡು."

ಸಕ್ಕರೆ ಚೀಲ ಎತ್ತಿಕೊಂಡು ಹೋದಳು. ಆಗಲೂ ಅಂಗಡಿ ತುಂಬ ಜನರಿದ್ದರು, ಆಗಲೂ ನಾನು ತಕ್ಕಡಿಯ ತಟ್ಟೆಯನ್ನೇ ಒರೆಸಿದೆ. ಚಿತ್ರ ಅಲ್ಲೇ ಇದೆ, ಹನ್ನೊಂದು ವರ್ಷದ ಹಿಂದಿನ ಸಾಲಿನಲ್ಲಿ ವೆಂಡೆಲನ ಹೆಸರೂ ಇದೆ.

ಅಂದು ಒಲೆಯ ಸುತ್ತ ಕೂತಿದ್ದ ಒಂಬತ್ತು ಜನರಲ್ಲಿ ಮೂವರು ತೀರಿಕೊಂಡಿದ್ದಾರೆ. ಉಳಿದ ಆರು ಜನರ ಮುಂದೆ, ಬಾಯಿಬಿಟ್ಟು, ನಾನು ಆರ್ಲೀನ್ ಸ್ಟಿಡಮ್‌ಗೆ ಕೊಡಬೇಕಾದದ್ದು ಒಂದು ಮಾತು: ಅವಳು ಕಂಡದ್ದು ಹಕ್ಕಿ, ಅದನ್ನು ನಾನೂ ಕಂಡಿದ್ದೆ.