ತಗಡಿನ ಪಟ್ಟಿಯ ಆಚೆ ಈಚೆ

"ನಮ್ಮನೇಲಿ ಜೋಳದ ಪುಡಿಂಗ್ ಬೇಯೋದು ಒಂದೇ ಪಾತ್ರೇಲಿ, ರುಚಿ ಮಾತ್ರ ಎರಡು ಕಣಮ್ಮ. ಎಳೇ ಮುಸುಕಿನ ಜೋಳ ರುಬ್ಬಿ, ಹಾಲು ಮೊಟ್ಟೆ ಬೆರೆಸಿ, ನಡುವೆ ತಗಡಿನ ಪಟ್ಟಿ ನಿಲ್ಲಿಸ್ತೀನಿ. ಆ ಕಡೆ ಸಕ್ಕರೆ, ಅವರಿಗೆ. ಈ ಕಡೆ ಉಪ್ಪು, ಈರುಳ್ಳಿ ಸೊಪ್ಪು, ನನಗೆ. ಮದುವೆಯಾದ ವರ್ಷದ ಜಗಳ ಆ ಪಟ್ಟಿಯಿಂದಲೇ ತೀರಿದ್ದು!" ಎಂದು ಹೊಲಿಗೆಯಮ್ಮ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದಳು.

ಪಟ್ಟಿ ಕತ್ತರಿಸಿಕೊಟ್ಟವನು ಗಡಿಯಾರ ರಿಪೇರಿ ಮಾಡುವ ಅವಳ ಗಂಡನೇ. ಹೋದ ತಿಂಗಳು ಬಂದ ಜ್ವರ ಇಳಿಯಿತು, ಆದರೆ ಅವನ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. "ಬಂದರೆ ಬರಬಹುದು" ಎಂದು ಡಾಕ್ಟರು ಕೈಚೆಲ್ಲಿದರು. ಈ ಭಾನುವಾರ ಅವಳು ಸಕ್ಕರೆಯನ್ನು ಒಂದು ಹಿಡಿ ಹೆಚ್ಚೇ ಸುರಿದು, ಎರಡೂ ಬಗೆಯನ್ನು ಒಂದೇ ತಟ್ಟೆಯಲ್ಲಿ ತಂದಿಟ್ಟಳು.

ಕನ್ನಡಕವಿಲ್ಲದೆ ಕೂತಿದ್ದ ಅವನು ಒಂದು ತುಂಡನ್ನು ಬಾಯಿಗಿಟ್ಟು ಕಣ್ಣರಳಿಸಿದ. "ಲೇ, ತಿಳೀತು ಕಣೇ! ಎಷ್ಟು ಸಿಹಿ! ಇವತ್ತು ಕೈ ಬಿಚ್ಚಿ ಸುರಿದಿದ್ದೀಯಲ್ಲೇ, ಕಳ್ಳಿ!"

ಅವನ ತುಟಿಯಂಚಿನಲ್ಲಿ ಈರುಳ್ಳಿ ಸೊಪ್ಪಿನ ಚೂರು ಅಂಟಿತ್ತು. ಸಿಹಿಯ ತುಂಡು ತಟ್ಟೆಯಲ್ಲಿ ಹಾಗೇ ಇತ್ತು.

"ನಿಮಗೆ ಎಷ್ಟು ಹಾಕಿದ್ರೂ ಕಮ್ಮೀನೇ," ಎಂದಷ್ಟೇ ಹೇಳಿ ಒಳಗೆ ಹೋದಳು. ನಲ್ಲಿ ತಿರುಗಿಸಿ, ಪಟ್ಟಿಯ ಎರಡೂ ಬದಿಗೆ ಹತ್ತಿದ್ದ ಹಿಟ್ಟನ್ನು ಉಜ್ಜಿ ತೊಳೆಯತೊಡಗಿದಳು.