ಹಿಡಿಅಕ್ಕಿ ನಿಲ್ಲಿಸಿದವಳು ನಾನು

ನಮ್ಮ ಓಣಿಯ ಹಿಡಿಅಕ್ಕಿಯನ್ನು ನಿಲ್ಲಿಸಿದವಳು ನಾನು. ಡಾಕ್ಟರಲ್ಲ. ಹಾನಗಲ್ಲಿನ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಡಾಕ್ಟರಿಗೆ ರೊಕ್ಕದ ಆಸೆ ಹತ್ತಿತು, ಅದಕ್ಕೇ ಬರುವುದು ಬಿಟ್ಟರು ಎಂದೇ ಹೇಳುತ್ತಾರೆ. ನನ್ನ ಮುಂದೆಯೂ ಹೇಳುತ್ತಾರೆ. ನಾನು ತಲೆಯಾಡಿಸುತ್ತ ಬಂದಿದ್ದೇನೆ — ಇಷ್ಟು ವರ್ಷ.

ಆಗಿನ್ನೂ ಎಪ್ಪತ್ತೇಳೋ ಎಪ್ಪತ್ತೆಂಟೋ ಇಸವಿ. ಗಂಗವ್ವನೆಂಬ ವಿಧವೆ, ಭತ್ತದ ನಾಟಿಗೆ ಕೂಲಿ ಹೋಗುವವಳು, ಅಕ್ಷರ ಬಾರದವಳು, ಆ ಪದ್ಧತಿ ಶುರು ಮಾಡಿದ್ದಳು. ಪ್ರತಿ ಮನೆಯವಳೂ ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕಬೇಕು. ಸೋಮವಾರ ಗಂಗವ್ವ ಬುಟ್ಟಿ ಹಿಡಿದು ಬರುತ್ತಿದ್ದಳು. ಇಪ್ಪತ್ತಾರು ಮನೆ. ಕೂಡಿದ ಅಕ್ಕಿ ಮಾರಿ ಬಂದದ್ದನ್ನೆಲ್ಲ ಶಿಗ್ಗಾವಿಯ ಒಬ್ಬ ಡಾಕ್ಟರಿಗೆ ಕೊಡುವುದು; ಅವರು ವಾರಕ್ಕೆರಡು ಸಲ ಬಸ್ಸಿಗೆ ಬಂದು, ಓಣಿಯಲ್ಲಿ ಯಾರಿಗೆ ಜಡ್ಡಿದ್ದರೂ ನೋಡಿ, ಔಷಧ ಕೊಟ್ಟು ಹೋಗುವುದು. ಜಡ್ಡು ಬಿದ್ದವರು ಬೇರೆ ಏನೂ ಕೊಡಬೇಕಿರಲಿಲ್ಲ. ಔಷಧವನ್ನು ಅವರು ಹುಬ್ಬಳ್ಳಿಯಿಂದ ಒಟ್ಟಿಗೆ ತರುತ್ತಿದ್ದರು — ಎಲ್ಲರದನ್ನೂ ಒಂದೇ ಸಲ ಕೊಂಡರೆ ಅರ್ಧ ಬೆಲೆಗೆ ಬರುತ್ತದೆ ಎಂದು ಒಮ್ಮೆ ಹೇಳಿದ್ದರು. ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಡಾಕ್ಟರು ಬಂದು ಕೂತು ಜಡ್ಡು ನೋಡುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ. ನಮ್ಮದು ಹೊಲ, ಅಂಗಡಿ ಇದ್ದ ಮನೆತನ. ನಾನು ಕಾನ್ವೆಂಟಿನಲ್ಲಿ ಕಲಿತವಳು — ಕೈ ಚೊಕ್ಕ, ದನಿ ಮೆತ್ತಗೆ. ಔಷಧದ ಬಾಟ್ಲಿಗೆ ಹಚ್ಚುವ ಕಾಗದದ ಚೀಟಿ, ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ಕಚ್ಚು ಕಚ್ಚಾಗಿ ಕತ್ತರಿಸಿದ್ದು ಇರುತ್ತದಲ್ಲ, ಅದನ್ನು ಕತ್ತರಿಸಿ ಗಂಜಿಯಿಂದ ಅಂಟಿಸುವುದು ನನ್ನ ಕೆಲಸ. ಡಾಕ್ಟರು ಹೊಗಳುತ್ತಿದ್ದರು. ಹೀಗಾಗಿ ವಾರವಾರವೂ ಯಾರ ಬಾಟ್ಲಿ ಬರುತ್ತದೆ, ಯಾರದು ಬರುವುದೇ ಇಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ನಾನು ಏನು ಮಾಡಿದೆ ಎಂದರೆ —

ಮೊದಲು ಶಾಂತವ್ವನ ಬಗ್ಗೆ ಹೇಳಬೇಕು. ಗಂಗವ್ವನಿಗೆ ಅವಳೊಬ್ಬಳೇ ಮಗಳು. ಮಾಸೂರಿಗೆ ಕೊಟ್ಟಿದ್ದರು, ಕೆಮ್ಮು ಹತ್ತಿ, ಅದು ಕ್ಷಯವೆಂದು ಗೊತ್ತಾದ ಮೇಲೆ ಗಂಡನ ಮನೆಯವರು ತಂದು ಬಿಟ್ಟು ಹೋದರು. ವರ್ಷಕ್ಕೂ ಮೇಲೆ ಸೂಜಿ, ಗುಳಿಗೆ ಆಗಬೇಕು, ನಡುವೆ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಐದನೆಯ ತಿಂಗಳಿಗೆ ಹುಡುಗಿಯ ಗಲ್ಲಕ್ಕೆ ಬಣ್ಣ ಬಂತು. ನಮ್ಮ ಕಟ್ಟೆಯ ಮೇಲೆ ಕೂತು, “ಅಕ್ಕಾರ, ಕುಬಸ ಬಿಗಿ ಆಗಾಕತ್ತಾವ್ರಿ. ಡಾಕ್ಟರಿಗೆ ಹೇಳ್ರಿ, ಔಷಧದ ಜೋಡಿ ಹೊಸಾ ಕುಬಸಾನೂ ಕೊಡಬೇಕಂತ” ಎಂದು ನಕ್ಕಿದ್ದಳು.

ಅದೇ ವಾರ ನಾನು ಪಕ್ಕದ ಮನೆಯ ನೀಲವ್ವನ ಮುಂದೆ ಅಂದೆ. ಚೀಟಿ ಕತ್ತರಿಸುತ್ತಲೇ, ಯಾರ ಮೇಲೂ ಸಿಟ್ಟಿಲ್ಲದ ಹಾಗೆ —

“ಎರಡು ವರ್ಷದಾಗ ನಮ್ಮನಿಗೆ ಒಂದ ಬಾಟ್ಲಿ ಬಂದೇತಿ. ಗಂಗವ್ವನ ಮನಿಗೆ ವಾರಕ್ಕೊಂದು. ಯಾರ ಜಡ್ಡಿಗೆ ಅವರವರ ಅಕ್ಕಿ ಇಟ್ಕೊಂಡ್ರ ಆಗಂಗಿಲ್ಲೇನು, ನೀಲವ್ವ?”

“ನೀವು ಕಲ್ತಾರು. ನೀವು ಅಂದ್ರ ಖರೇನ ಇರ್ತೇತಿ ಬಿಡ್ರಿ” ಎಂದಳು ನೀಲವ್ವ.

ಮುಂದಿನ ಸೋಮವಾರ ಗಂಗವ್ವ ಬಂದಾಗ ನಮ್ಮ ಅಕ್ಕಿಗೆ ನುಸಿ ಬಿದ್ದಿದೆ ಎಂದೆ. ಸುಳ್ಳು. ಹಸನು ಮಾಡಿಕೊಡಲು ಸಂಜೆ ಬರಲೇ ಎಂದು ಅವಳು ಕೇಳಿದಳು.

ನೀಲವ್ವ ಬಿಟ್ಟಳು. ಅವಳ ಓರಗಿತ್ತಿ ಬಿಟ್ಟಳು. ಆಮೇಲೆ ಗಟ್ಟಿಮುಟ್ಟಾದವರ ಮನೆಗಳೆಲ್ಲ, ಒಂದೊಂದಾಗಿ. ಉಳಿದವರು ಯಾರು? ಕೆಮ್ಮುವವರು, ಬಾಣಂತಿಯರು, ಮುದುಕರು. ಅವರ ಹಿಡಿ ಎರಡಾಯಿತು, ಮೂರಾಯಿತು. ಮೂರು ಹಾಕಲಾರದವರೂ ಬಿಟ್ಟರು. ಡಾಕ್ಟರು ಎರಡು ತಿಂಗಳು ತಮ್ಮ ಕೈಯಿಂದ ಹಾಕಿಕೊಂಡು ಬಂದರು. ಆಮೇಲೆ ಯಾರು ಕರೆದು ಫೀ ಕೊಟ್ಟರೋ ಅವರ ಮನೆಗಷ್ಟೇ. ನಾವು ಕರೆಯುತ್ತಿದ್ದೆವು.

ಶಾಂತವ್ವನ ಸೂಜಿ ಒಂಬತ್ತನೆಯ ತಿಂಗಳಿಗೆ ನಿಂತಿತು. ಗಂಗವ್ವ ಮಗಳನ್ನು ಕರೆದುಕೊಂಡು ದೂರದ ದವಾಖಾನೆಗೆ ಅಲೆದಳು. ಹೋದ ದಿನ ಕೂಲಿ ತಪ್ಪುತ್ತಿತ್ತು, ಎಷ್ಟೋ ಸಲ ಔಷಧವೂ ಸಿಗುತ್ತಿರಲಿಲ್ಲ. ಮರುವರ್ಷದ ನಾಟಿಯ ಹೊತ್ತಿಗೆ ಶಾಂತವ್ವ ಹೋದಳು. ಇಪ್ಪತ್ತೆರಡು ವರ್ಷ.

ಮಾತಾಡಿಸಲು ಹೋದಾಗ ಗಂಗವ್ವ ನನ್ನ ಕೈ ಹಿಡಿದುಕೊಂಡಳು. “ಡಾಕ್ಟರು ರೊಕ್ಕಕ್ಕ ಬಿದ್ರು, ಅಕ್ಕಾರ. ನೀವಾರ ಕಡೀತನಕ ಚೀಟಿ ಹಚ್ಚಿ ಕೊಟ್ರಿ.”

ಹೌದು ಗಂಗವ್ವ, ಎಂದೆ.

ಹೌದು — ಎಂದೆ.

ಅಕ್ಕಿ ಉಳಿಸಿಕೊಂಡ ನಾವಾದರೂ ಏನು ಗಳಿಸಿದೆವು? ಒಬ್ಬೊಬ್ಬರೇ ಫೀ ಕೊಟ್ಟೆವು, ಒಬ್ಬೊಬ್ಬರೇ ಅಂಗಡಿಯವನು ಹೇಳಿದ ಬೆಲೆಗೆ ನಾಲ್ಕು ನಾಲ್ಕು ಗುಳಿಗೆ ತಂದೆವು. ಎಂಬತ್ತನೆಯ ಇಸವಿಯ ಆಚೆ ನನ್ನ ಗಂಡನಿಗೆ ಆಪರೇಶನ್ ಆಯಿತು. ಹುಬ್ಬಳ್ಳಿಯಲ್ಲಿ ಹಾಸಿಗೆ ಕೊಡುವ ಮೊದಲೇ ರೊಕ್ಕ ಎಣಿಸಿಕೊಂಡರು. ಆ ಒಂದು ತಿಂಗಳಿಗೆ ಕೊಟ್ಟದ್ದು ನನ್ನ ಜನ್ಮದ ಹಿಡಿಅಕ್ಕಿಗಿಂತ ಹೆಚ್ಚು, ನನ್ನ ಅತ್ತೆಯದನ್ನು ಕೂಡಿಸಿದರೂ ಹೆಚ್ಚು. ಇದನ್ನು ಶಿಕ್ಷೆಯೆಂದು ಹೇಳಿಕೊಳ್ಳುವ ಹಕ್ಕೂ ನನಗಿಲ್ಲ. ನನಗೆ ಮಾರಲು ಬಳೆ ಇದ್ದವು.

ಲೆಕ್ಕದಲ್ಲಿ ಬಹುಮಾನ ಪಡೆದವಳು ನಾನು — ಆಗಿಹೋದ ಜಡ್ಡನ್ನಷ್ಟೇ ಎಣಿಸಿದೆ. ಆ ಗಡಿಗೆ ಇದ್ದದ್ದು ಯಾರ ಮನೆಗೆಂದು ಇನ್ನೂ ಗೊತ್ತಿಲ್ಲದ ಜಡ್ಡಿಗೆ. ಎಲ್ಲರೂ ಇದ್ದಾಗ ಒಂದು ಹಿಡಿ ಸಾಕಾಗುತ್ತಿತ್ತು, ಗಟ್ಟಿ ಇದ್ದವರು ಎದ್ದು ಹೋದ ಮೇಲೆ ಎಷ್ಟು ಹಾಕಿದರೂ ಸಾಲಲಿಲ್ಲ. ಗಂಗವ್ವನಿಗೆ ಅದು ಓದದೆಯೇ ತಿಳಿದಿತ್ತು. ಈಗ ನಾಡಿಗೆಲ್ಲ ಅಂಥದೊಂದು ಗಡಿಗೆ ಇರಬೇಕು, ಬಿಟ್ಟುಹೋಗಲು ಯಾರಿಗೂ ಬರಬಾರದು ಎನ್ನಿಸುತ್ತದೆ — ನನ್ನಂಥವರಿಗಂತೂ.

ಹೋದ ವರ್ಷ ಡಾಕ್ಟರು ತೀರಿಕೊಂಡರು. ಅಷ್ಟು ಗಳಿಸಿ ಯಾರಿಗಿಟ್ಟು ಹೋದರೋ ಎಂದು ಓಣಿಯ ಹೆಂಗಸರು ಕೊಂಕು ಆಡಿದರು. ನಾನು ಅಲ್ಲೇ ಕೂತಿದ್ದೆ.

ಗಂಗವ್ವ ಇನ್ನೂ ಇದ್ದಾಳೆ. ಕಣ್ಣು ಮಂಜಾಗಿವೆ, ಹೆಜ್ಜೆಯ ಸಪ್ಪಳಕ್ಕೇ “ಬರ್ರಿ ಅಕ್ಕಾರ” ಎನ್ನುತ್ತಾಳೆ. ನಾಳೆ ಅವಳ ಮನೆಗೆ ಹೋಗುತ್ತೇನೆ, ನೀಲವ್ವನನ್ನೂ ಕರೆದುಕೊಂಡು, ಅಕ್ಕಪಕ್ಕದವರಿಗೂ ಕೇಳುವಂತೆ, ಬರೆದಿಟ್ಟ ಇದನ್ನು ಓದುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತಾಳೆ — ಅವಳು ಅಂಥವಳು.