ಪಟ್ಟಿಯಲ್ಲಿ ಬಿಟ್ಟ ಸಾಲು

ಹಳೆ ಕಂಪ್ಯೂಟರ್ ಭಾಗಗಳನ್ನು ಮಾರುವ ಆ ಅಂಗಡಿಯಲ್ಲಿ ಎಲ್ಲರೂ ಅವರನ್ನು ಪಟ್ಟಿ ಮೇಷ್ಟ್ರು ಎನ್ನುತ್ತಿದ್ದರು. ಬಂದ ಮಾಲಿನ ಧೂಳು ಒರೆಸಿ, ಪರೀಕ್ಷಿಸಿ, ಅದರ ವಿವರಗಳನ್ನು ಅಂಗಡಿಯ ವೆಬ್‌ಸೈಟಿನಲ್ಲಿ ಬರೆಯುವುದು ಅವರ ಕೆಲಸ. ಹದಿನೆಂಟು ವರ್ಷದಲ್ಲಿ ಒಂದು ಅಂಕಿ ತಪ್ಪಿದವರಲ್ಲ. ಆದರೆ ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಒಂದು ಕಳ್ಳಾಟ ಕಲಿತರು: ಪ್ರತಿ ಪಟ್ಟಿಯಲ್ಲೂ ಬೇಕೆಂದೇ ಒಂದು ಸಾಲು ಬಿಟ್ಟುಬಿಡುವುದು. ಬಿಟ್ಟರೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಮನೆಗೆ ಹೋದರೆ ಮಾತಾಡಿಸುವ ಒಂದು ನರಪಿಳ್ಳೆಯೂ ಇಲ್ಲದ ಮನುಷ್ಯ, ಇನ್ನೇನು ಮಾಡಿಯಾನು ಪಾಪ!

ಒಮ್ಮೆ, ಯಂತ್ರಗಳ ನಕ್ಷೆ ಬಿಡಿಸುವವರು ಬಳಸುವಂಥ ಹಳೆಯ ಗ್ರಾಫಿಕ್ಸ್ ಕಾರ್ಡೊಂದು ಬಂತು. ನಾಲ್ಕು ಜಿಬಿ ಮೆಮೊರಿ, ಒಂದೇ ಸ್ಲಾಟಿನ ದಪ್ಪ, ನಾಲ್ಕು ಮಾನಿಟರ್ ಜೋಡಿಸಬಹುದು ಎಂದೆಲ್ಲ ಬರೆದ ಮೇಷ್ಟ್ರು, ಎಷ್ಟು ವಾಟ್ ಕರೆಂಟ್ ಎಳೆಯುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡರು. ಮಾರನೆಯ ದಿನವೇ ಒಬ್ಬ ಹೆಂಗಸಿನ ಫೋನ್. ಮನೆಯಲ್ಲೇ ಕೂತು ನಕ್ಷೆ ಬಿಡಿಸುವವರಂತೆ.

"ನೂರೈದು ವಾಟ್ ಮೇಡಂ. ಬೇರೆ ಪವರ್ ವೈರ್ ಒಂದು ಬೇಕಾಗುತ್ತೆ."

ಮರುದಿನ ಮತ್ತೆ ಅವರೇ. "ಉದ್ದ ಎಷ್ಟಿದೆ? ನನ್ನ ಕ್ಯಾಬಿನೆಟ್ ಚಿಕ್ಕದು." ಮೂರನೆಯ ದಿನ, "ಫ್ಯಾನು ಸದ್ದು ಮಾಡುತ್ತಾ?"

"ಸ್ವಲ್ಪ ಗೊರಕೆ ಹೊಡೆಯುತ್ತೆ, ನನ್ನ ಹಾಗೇನೇ," ಎಂದರು ಮೇಷ್ಟ್ರು. ಆಕೆ ನಕ್ಕುಬಿಟ್ಟರು. ಆ ದಿನವಿಡೀ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡು ವಾರ ದಿನಕ್ಕೊಂದು ಪ್ರಶ್ನೆಯಂತೆ ನಡೆಯಿತು. ಕೊನೆಗೆ ಮಾಲೀಕ ರೇಗಿದ. "ಪಟ್ಟಿ ನೆಟ್ಟಗೆ ಬರೆದ್ರೆ ಜನ ಯಾಕ್ರೀ ಫೋನ್ ಮಾಡ್ತಾರೆ? ಇವತ್ತೇ ಎಲ್ಲಾ ತುಂಬಿಸಿ!"

ಮೇಷ್ಟ್ರು ತುಂಬಿಸಿದರು. ವಾಟ್, ಉದ್ದ, ತೂಕ, ಫ್ಯಾನಿನ ಸದ್ದು ಕೂಡ. ಮೂರು ದಿನ ಫೋನ್ ಉಸಿರೆತ್ತಲಿಲ್ಲ. ಮೇಷ್ಟ್ರಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ನಾಲ್ಕನೆಯ ದಿನ ಅದೇ ದನಿ ಬಂತು.

"ಎಲ್ಲಾ ಬರೆದುಬಿಟ್ಟಿದೀರಲ್ಲ," ಎಂದರು ಆಕೆ. "ಇನ್ನು ನಾನು ಏನಂತ ಕೇಳ್ಲಿ?"

ಮೇಷ್ಟ್ರು ರಿಸೀವರನ್ನು ಕಿವಿಗೆ ಒತ್ತಿಕೊಂಡರು. ಓಹೋ, ಆ ಕಡೆಯೂ ಇದೇ ಕಥೆ! ಏನೇನೋ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ಅಂಗಡಿಯ ಮಾತೇ.

"ಸ್ಟಾಕ್ ಇದೆ ಮೇಡಂ."

"ಸರಿ," ಎಂದು ಆಕೆ ಫೋನ್ ಇಟ್ಟರು.

ಮಧ್ಯಾಹ್ನ ಒಬ್ಬರೇ ಕೂತು ಊಟದ ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟಾಗ ಮೇಷ್ಟ್ರಿಗೆ ಹೊಳೆಯಿತು: "ಊಟ ಆಯ್ತಾ ಅಂತ ಕೇಳಿ," ಎನ್ನಬಹುದಿತ್ತಲ್ಲ! ಎಂಜಲು ಕೈಯಲ್ಲೇ ಎದ್ದು ಹೋಗಿ ಫೋನ್ ಎತ್ತಿದರು. ಅಂಗಡಿಯ ಆ ಹಳೇ ಫೋನಿನಲ್ಲಿ ಕರೆದವರ ನಂಬರ್ ಕಾಣುವುದಿಲ್ಲ. ಕಾರ್ಡಿನ ಬಗ್ಗೆ ಹೇಳದೆ ಬಿಟ್ಟದ್ದು ಒಂದೂ ಇರಲಿಲ್ಲ. ಆಕೆಯ ಹೆಸರನ್ನು ಮಾತ್ರ ಅವರು ಒಮ್ಮೆಯೂ ಕೇಳಿರಲಿಲ್ಲ.